ಚಿಪ್ಪನ್ನು ಫರ್ನೇಸ್‌ನಲ್ಲಿ ಸುಟ್ಟು ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಖನಿಜ ಗುರುತಿಸೋ ಪರೀಕ್ಷೆ) ಮಾಡಿಸಲಾ, ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಮಾಡಿಸಲಾ?

ಮೊದಲು ಆ ಫರ್ನೇಸ್ ಬಿಡಿ. ನಿಮ್ಮ ಪ್ಲಾನ್ ಇದು: ಗೋವಾ ಬೀಚಿನ ಚಿಪ್ಪು, ಜೊತೆಗೆ ಮುತ್ತಿನ ಚಿಪ್ಪು, ಪ್ರೊಟೀನ್ ಹೋಗಲಿ ಅಂತ 500 ಡಿಗ್ರಿ, ಆಮೇಲೆ ಚಿಪ್ಪಿನ ಖನಿಜ ಕ್ಯಾಲ್ಸೈಟಾ ಅರಾಗೊನೈಟಾ ಅಂತ ನೋಡೋದು. ನನ್ನ ಎಂಎಸ್ಸಿ ಪ್ರಾಜೆಕ್ಟ್ ಹಾಳಾಗಿದ್ದು ಇದರಿಂದಲೇ.

ನಾನು ಧಾರವಾಡದವನು, ಓದಿದ್ದು ಗೋವಾದಲ್ಲಿ. ನನ್ನ ಹತ್ತಿರ ಇದ್ದದ್ದು ಮೀನು ಮಾರ್ಕೆಟ್ಟಿನ ತಿಸ್ರೆ (ತಿನ್ನೋ ಕಪ್ಪೆಚಿಪ್ಪು) ಚಿಪ್ಪು, ಜೊತೆಗೆ ಹಳೇ ಮನೆಯ ಕಿಟಕಿಯಿಂದ ಕಳಚಿ ಬಿದ್ದ ಚಿಪ್ಪಿನ ಬಿಲ್ಲೆಗಳು. ಅಲ್ಲಿ ಗಾಜಿನ ಬದಲು ಅದನ್ನೇ ಕೂರಿಸುತ್ತಿದ್ದರಲ್ಲ, ಅವು. ಎರಡನ್ನೂ ಸುಟ್ಟು ಪುಡಿ ಮಾಡಿ ಎಕ್ಸ್‌ಆರ್‌ಡಿಗೆ ಕೊಟ್ಟೆ. ಗ್ರಾಫಿನಲ್ಲಿ ಎರಡಕ್ಕೂ 29.4 ಡಿಗ್ರಿಯಲ್ಲೇ (ಇದು ಕೋನ, ಬಿಸಿಯಲ್ಲ) ದೊಡ್ಡ ಪೀಕ್, ಅದು ಕ್ಯಾಲ್ಸೈಟಿನ ಗುರುತು. ಎರಡೂ ಕ್ಯಾಲ್ಸೈಟ್ ಅಂತ ರಿಪೋರ್ಟ್ ಬರೆದುಬಿಟ್ಟೆ.

ಆದರೆ ಸುಡದ ತಿಸ್ರೆ ಚಿಪ್ಪು ಪೂರ್ತಿ ಅರಾಗೊನೈಟ್. ಅರಾಗೊನೈಟ್, ಕ್ಯಾಲ್ಸೈಟ್ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಒಳಗಿನ ಪರಮಾಣುಗಳ ಜೋಡಣೆ ಮಾತ್ರ ಬೇರೆ. ಅರಾಗೊನೈಟ್ ಒತ್ತಾಗಿ ಕೂತಿರುತ್ತೆ, ಸಾಂದ್ರತೆ 2.93, ಕ್ಯಾಲ್ಸೈಟಿಗೆ 2.71. ನಮ್ಮ ಸುತ್ತಲಿನ ಒತ್ತಡದಲ್ಲಿ ಬದಲಾಗದೆ ನಿಲ್ಲೋದು ಕ್ಯಾಲ್ಸೈಟೇ. ಅರಾಗೊನೈಟ್ ಬದಲಾಗೋಕೆ ಬಿಸಿ ಸಾಲದೆ ಹಾಗೇ ಉಳಿದಿರುತ್ತೆ ಅಷ್ಟೇ. 500 ಡಿಗ್ರಿ ಕೊಟ್ಟರೆ ಕ್ಯಾಲ್ಸೈಟ್ ಆಗಿಬಿಡುತ್ತೆ, ತಣ್ಣಗಾದ ಮೇಲೂ ವಾಪಸ್ ಬರಲ್ಲ. ನನಗೆ ಮೋಸ ಮಾಡಿದ್ದು ಕಿಟಕಿಯ ಚಿಪ್ಪು. ಅದು ಮೊದಲಿಂದಲೂ ಕ್ಯಾಲ್ಸೈಟ್, ಸುಟ್ಟರೂ ಅದೇ. ಪುಸ್ತಕದಲ್ಲಿದ್ದ ಹಾಗೇ ಬಂತಲ್ಲ, ವಿಧಾನ ಸರಿಯಿದೆ ಅಂದುಕೊಂಡೆ. ಸುಡದ ತಿಸ್ರೆ ಪುಡಿ ಒಂದು ಚಿಟಿಕೆ ಕೊಟ್ಟಿದ್ದರೆ 26.2 ಡಿಗ್ರಿಯಲ್ಲಿ ಅರಾಗೊನೈಟ್ ಪೀಕ್ ಎದ್ದು ಕಾಣುತ್ತಿತ್ತು. ಕೊಡಲಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆಯೇ ಅದು. ಡಿಗ್ರಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯ್ತು.

ಇನ್ನು ಎಕ್ಸ್‌ಆರ್‌ಡಿ ಮೇಲಾ, ಎಸ್‌ಇಎಂ ಮೇಲಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿ ಇಲ್ಲ. ಯಾವ ಖನಿಜ ಅನ್ನೋದು ಎಕ್ಸ್‌ಆರ್‌ಡಿಗೆ ಕೊಟ್ಟ ಪುಡಿಯಲ್ಲಿ ಗೊತ್ತಾಗುತ್ತೆ, ಪದರಗಳನ್ನು ಹೇಗೆ ಜೋಡಿಸಿದೆ ಅನ್ನೋದು ಎಸ್‌ಇಎಂನಲ್ಲಿ ನೋಡಿದ ಮುರಿದ ಅಂಚಿನಲ್ಲಿ. ಚಿಪ್ಪು ಮುರಿದು, ಒಂದು ತುಂಡು ಎಸ್‌ಇಎಂಗೆ ಎತ್ತಿಡಿ. ಉಳಿದದ್ದನ್ನು ಪ್ರೊಟೀನ್ ಹೋಗೋಕೆ ಬ್ಲೀಚ್‌ನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಅಗೇಟ್ (ಗಟ್ಟಿ ಕಲ್ಲು) ಒರಳಿನಲ್ಲಿ ಸ್ವಲ್ಪ ಆಲ್ಕೋಹಾಲ್ ಹಾಕಿ ಕೈಯಲ್ಲೇ ಅರೆಯಿರಿ. ಬಾಲ್ ಮಿಲ್ (ಗುಂಡುಗಳಿಂದ ಅರೆಯೋ ಯಂತ್ರ) ಬೇಡ, ಜಾಸ್ತಿ ಹೊತ್ತು ಅರೆದರೂ ಖನಿಜ ಬದಲಾಗಬಹುದು.

ನಿಮ್ಮ ಹತ್ತಿರ ಮುತ್ತಿನ ಚಿಪ್ಪೂ ಇದೆ ಅಂದಿರಲ್ಲ, ಅದನ್ನು ಒಟ್ಟಿಗೆ ಪುಡಿ ಮಾಡಬೇಡಿ. ಹೊರಪದರ ಕ್ಯಾಲ್ಸೈಟ್ ಕಂಬಗಳು. ಒಳಗಿನ ಹೊಳೆಯೋ ಪದರ ಅರಾಗೊನೈಟ್, ಸುಮಾರು ಅರ್ಧ ಮೈಕ್ರಾನ್ ದಪ್ಪದ ಬಿಲ್ಲೆಗಳು. ಬ್ಲೇಡಿನಿಂದ ಬೇರೆ ಬೇರೆ ಕೆರೆದು, ಎರಡು ಬಾಟಲಿಗೆ ಹಾಕಿ, ಆಗಲೇ ಹೆಸರು ಬರೆದಿಡಿ. ಪುಡಿಯಾದ ಮೇಲೆ ಕಣ್ಣಿಗೆ ಎರಡೂ ಒಂದೇ.