ಮನೆಗಳ ಬೀದಿ ಅಂಗಡಿ ಬೀದಿ ಆಗೋದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರು 1984ರಲ್ಲಿ ಇಂದಿರಾನಗರದಲ್ಲಿ ಮನೆ ಕಟ್ಟಿಸಿದರು. ಆಗ ನಮ್ಮ ಕ್ರಾಸಿನಲ್ಲಿ ಬರೀ ಮನೆಗಳು. ಈಗ ಎದುರಿಗೆ ಕೆಫೆ, ಪಕ್ಕದಲ್ಲಿ ಪಿಜಿ, ಮೂಲೆಯಲ್ಲಿ ಪಬ್. ರಾತ್ರಿ ನಿದ್ದೆಯಿಲ್ಲ. ಮನೆ ಬಾಡಿಗೆಗೆ ಕೊಟ್ಟು ಹೋಗೋಣ ಅಂತಾನೆ ಮಗ. ಯಾಕೆ ಹೀಗಾಯಿತು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ತುಂಬಾ ಬೇಜಾರಾಯಿತು. ಆದರೆ ಇದು ನಿಮ್ಮ ಬೀದಿಗೆ ಮಾತ್ರ ಬಂದ ಕಷ್ಟ ಅಲ್ಲ. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಹೆಸರಲ್ಲೇ ಕಸುಬು ಇದೆ, ಅಲ್ವಾ? ಹಳೇ ಬೆಂಗಳೂರಿನ ಆ ಪೇಟೆಗಳಲ್ಲಿ ಮೊದಲು ಕೆಳಗೆ ಅಂಗಡಿ, ಮೇಲೆ ಸಂಸಾರ. 1898ರಲ್ಲಿ ಪ್ಲೇಗ್ ಬಂತು. ಕೈಲಾದವರು ಬಸವನಗುಡಿ, ಮಲ್ಲೇಶ್ವರದ ಕಡೆ ಮನೆ ಮಾಡಿದರು. ಆಮೇಲೆ ವ್ಯಾಪಾರ ಬೆಳೆದಂತೆ, ಸಂಸಾರ ಇದ್ದ ಮಹಡಿಗಳು ಒಂದೊಂದಾಗಿ ಗೋದಾಮಾದವು. ಚಿಕ್ಕಪೇಟೆಯಲ್ಲಿ ತಲೆಯೆತ್ತಿ ನೋಡಿ, ಬಟ್ಟೆ ಒಣಗಿಸುತ್ತಿದ್ದ ಬಾಲ್ಕನಿಯಲ್ಲಿ ಈಗ ರಟ್ಟಿನ ಪೆಟ್ಟಿಗೆಗಳು.

ನಿಮ್ಮಲ್ಲೂ ಆಗಿರುವುದು ಅದೇ, ಸ್ವಲ್ಪ ಬೇಗ ಆಗಿದೆ ಅಷ್ಟೆ. ಮನೆಗಳಿಗೆಂದು ಮಾಡಿದ ಬಡಾವಣೆಗೆ ನೂರಡಿ ರಸ್ತೆ ಇತ್ತು, ದೊಡ್ಡ ಸೈಟುಗಳಿದ್ದವು, ವ್ಯಾಪಾರಕ್ಕೆ ಇನ್ನೇನು ಬೇಕು? 2011ರಲ್ಲಿ ನಗರದ ಮೊದಲ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದೂ ನಿಮ್ಮ ಸಿ.ಎಂ.ಎಚ್. ರಸ್ತೆಯ ಮೇಲೇ. ಮಕ್ಕಳು ಪರ ಊರಲ್ಲಿ, ವಯಸ್ಸಾದವರಿಗೆ ಮೆಟ್ಟಿಲು ಹತ್ತೋಕಾಗಲ್ಲ, ಅಂಗಡಿಯವರು ಕೊಡೋ ಬಾಡಿಗೆ ಸಂಸಾರದವರು ಕೊಡೋದಕ್ಕಿಂತ ಎಷ್ಟೋ ಜಾಸ್ತಿ. ಹಾಗಿರುವಾಗ ಮನೆ ಬಿಟ್ಟುಕೊಟ್ಟವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೋದ ತಿಂಗಳು ಅಲ್ಲೇ ಒಂದು ಕೆಫೆಯ ಅಂಗಳದಲ್ಲಿ ತುಳಸಿಕಟ್ಟೆ ನೋಡಿದೆ. ತುಳಸಿ ಇರಲಿಲ್ಲ, ಮೇಲೆ ಎರಡು ಹೆಲ್ಮೆಟ್ ಇಟ್ಟಿದ್ದರು. ದೀಪದ ಗೂಡಿನಲ್ಲಿ ಎಣ್ಣೆಯ ಮಸಿ ಹಾಗೇ ಇತ್ತು.

ಆದರೆ ನಿದ್ದೆಗೆಟ್ಟು ಸುಮ್ನೆ ಇರಬೇಡಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್. ಮೀರಿದರೆ 112ಕ್ಕೆ ಫೋನ್ ಮಾಡಿ, ಒಬ್ಬರೇ ಅಲ್ಲ, ಬೀದಿಯಲ್ಲಿ ಉಳಿದ ಮನೆಯವರೆಲ್ಲ ಸೇರಿ ಬರೆದೂ ಕೊಡಿ. ಹೋಗಲೇಬೇಕು ಅನ್ನಿಸಿದರೆ, ಬಾಡಿಗೆ ಸ್ವಲ್ಪ ಕಡಿಮೆಯಾದರೂ ಒಂದು ಸಂಸಾರಕ್ಕೇ ಕೊಡಿ ಅಂತ ಮಗನಿಗೆ ಹೇಳಿ. ನಿಮ್ಮ ಮನೆಯಲ್ಲಿ ರಾತ್ರಿ ದೀಪ ಉರಿಯುತ್ತಿದ್ದರೆ ಪಕ್ಕದ ಮನೆಯವರಿಗೂ ಇರೋಣ ಅನ್ನಿಸುತ್ತದೆ.