ಯಾವ ಗೇಮ್ ಲೋಕ ಎಂಎಂಒ ಆದರೆ ಚೆನ್ನ? ಮೊದಲು ಹೀರೋನನ್ನು ಪಕ್ಕಕ್ಕಿಟ್ಟು ನೋಡಿ

ನಮಸ್ಕಾರ. ವಿಚರ್, ಎಲ್ಡನ್ ರಿಂಗ್, ಮಾಸ್ ಎಫೆಕ್ಟ್ ಈ ಮೂರರಲ್ಲಿ ಯಾವ ಗೇಮನ್ನು ಎಂಎಂಒಆರ್‌ಪಿಜಿ (ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ ಆಡುವ ಆನ್‌ಲೈನ್ ಆಟ, ಚಿಕ್ಕದಾಗಿ ಎಂಎಂಒ) ಮಾಡಿದರೆ ಚೆನ್ನಾಗಿರುತ್ತದೆ, ಡಿಸೈನ್ ಅಭ್ಯಾಸಕ್ಕೆ ಯಾವುದನ್ನು ಎತ್ತಿಕೊಳ್ಳಲಿ ಅಂತ ಕೇಳಿದ್ದೀರಿ. ಮೂರರಲ್ಲೇ ಆರಿಸಬೇಕು ಅಂದ್ರೆ ಮಾಸ್ ಎಫೆಕ್ಟ್. ಮೂರನ್ನೂ ಬಿಟ್ಟು ಬೇರೆ ಹೇಳಬಹುದು ಅಂದ್ರೆ ನನ್ನ ಓಟು ಸ್ಟಾಕರ್ ಅನ್ನುವ ಗೇಮ್‌ಗೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಈ ಪ್ರಶ್ನೆ ಬಂದಾಗಲೆಲ್ಲ ಜನ ತಮಗೆ ಇಷ್ಟವಾದ ಕಥೆಯ ಹೆಸರು ಹೇಳುತ್ತಾರೆ. ಕಥೆ ಚೆನ್ನಾಗಿದ್ದ ಮಾತ್ರಕ್ಕೆ ಅದರೊಳಗೆ ಸಾವಿರಾರು ಜನ ವರ್ಷಗಟ್ಟಲೆ ಇರಬಹುದು ಅಂತೇನಿಲ್ಲ.

ನಾನು ಮೊದಲು ಮಾಡುವ ಪರೀಕ್ಷೆ ಇದು. ಆ ಲೋಕದಿಂದ ಹೀರೋನನ್ನು ತೆಗೆದುಬಿಡಿ. ಆಮೇಲೂ ಅಲ್ಲಿ ಉಳಿದವರಿಗೆ ಮಾಡಲು ಕೆಲಸ ಇರುತ್ತದಾ? ಒಬ್ಬ ಮಾಡಿದ ಕೆಲಸ ಇನ್ನೊಬ್ಬನಿಗೆ ಬೇಕಾಗುತ್ತದಾ? ಒಂದು ಊರಲ್ಲಿ ಸಿಗುವ ವಸ್ತು ಇನ್ನೊಂದು ಊರಲ್ಲಿ ಸಿಗದೆ ಯಾರಾದರೂ ಹೊತ್ತು ತರಬೇಕಾಗುತ್ತದಾ? ಮೂರಕ್ಕೂ ಹೌದು ಅಂತ ಬಂದರೆ ಮುಂದಕ್ಕೆ ಯೋಚಿಸಿ. ಮೊದಲನೆಯದಕ್ಕೇ ಇಲ್ಲ ಅಂತ ಬಂದರೆ ಅದು ಒಬ್ಬರೇ ಕೂತು ಆಡುವ ಆಟ. ಹಾಗೇ ಇರಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ.

ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಉದಾಹರಣೆ ನೋಡಿ. 2003ರಲ್ಲಿ ಬಂದ ಆಟ. ಅದರ ಕ್ಯಾಂಟೀನಾ ಅನ್ನುವ ಬಾರ್‌ಗಳಲ್ಲಿ ಕುಣಿಯುವವರು, ವಾದ್ಯ ನುಡಿಸುವವರು ಆಟಗಾರರೇ. ಹೊರಗೆ ಹೊಡೆದಾಡಿ ಬಂದವರ ದಣಿವು ಇಳಿಯಬೇಕಾದರೆ ಅವರ ಮುಂದೆ ಕೂತು ನೋಡಬೇಕಿತ್ತು. ಬಂದೂಕು ಮಾಡುವವರು, ಮನೆ ಕಟ್ಟುವವರು, ವೈದ್ಯರು ಎಲ್ಲರೂ ಆಟಗಾರರು. ಒಂದೇ ಒಂದು ಗುಂಡು ಹಾರಿಸದೆ ಇಡೀ ಸರ್ವರ್‌ನಲ್ಲಿ ಹೆಸರು ಮಾಡಬಹುದಿತ್ತು. ಆದರೆ ಆ ಲೋಕದಲ್ಲಿ ಅತಿಮಾನುಷ ಶಕ್ತಿಯ ಯೋಧರಾದ ಜೇಡೈ ಇದ್ದರಲ್ಲ, ಎಲ್ಲರ ಕಣ್ಣೂ ಅದರ ಮೇಲೆ. ಕಸುಬುಗಳನ್ನು ಒಂದೊಂದಾಗಿ ಪೂರ್ತಿ ಕಲಿತರೆ ಜೇಡೈ ದಾರಿ ತೆರೆಯುತ್ತದೆ ಅಂತ ಗೊತ್ತಾದದ್ದೇ ತಡ, ಜನ ಇಷ್ಟವಿಲ್ಲದ ಕಸುಬುಗಳನ್ನೂ ಹಲ್ಲು ಕಚ್ಚಿಕೊಂಡು ಮುಗಿಸತೊಡಗಿದರು. 2005ರ ನವೆಂಬರ್‌ನಲ್ಲಿ ಆಟವನ್ನೇ ತಿರುಗಿಸಿ ಕಟ್ಟಿ, ಜೇಡೈ ಆಗುವುದನ್ನು ಶುರುವಿನಲ್ಲೇ ಆರಿಸಿಕೊಳ್ಳುವ ಹಾಗೆ ಮಾಡಿದರು. ಹಳೆಯ ಕಸುಬುಗಳನ್ನು ಕಿತ್ತುಹಾಕಿದರು. ಬಹಳ ಹಳಬರು ಬಿಟ್ಟುಹೋದರು. 2011ರ ಡಿಸೆಂಬರ್‌ನಲ್ಲಿ ಸರ್ವರ್ ಮುಚ್ಚಿತು. ಕುಣಿಯುವವರನ್ನು ಮುಖ್ಯವಾಗಿಸಿದ ಇಂಥ ಆಟ ಮತ್ತೆ ಬರಲಿ ಅಂತ ನನಗೆ ಇವತ್ತಿಗೂ ಆಸೆ.

ವಿಚರ್ ಲೋಕಕ್ಕೂ ಇದೇ ತೊಡಕು. ಅಲ್ಲಿ ವಿಚರ್‌ಗಳು, ಅಂದರೆ ದುಡ್ಡಿಗೆ ರಾಕ್ಷಸರನ್ನು ಬೇಟೆಯಾಡುವವರು, ಬೆರಳೆಣಿಕೆಯಷ್ಟು. ಜನ ಅವರನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ಆದರೂ ಬಾವಿಯಲ್ಲಿ ದೆವ್ವ ಸೇರಿಕೊಂಡರೆ ಅವರನ್ನೇ ಕರೆಯುತ್ತಾರೆ. ಆ ಒಂಟಿತನವೇ ಅದರ ರುಚಿ. ಈಗ ಒಂದು ಹಳ್ಳಿಯ ನೋಟಿಸ್ ಬೋರ್ಡ್ ಮುಂದೆ ನಲವತ್ತು ಜನ ಬೆಳ್ಳಿ ಕತ್ತಿ ಹೊತ್ತು ನಿಂತಿದ್ದಾರೆ ಅಂದುಕೊಳ್ಳಿ. ಅಲ್ಲಿಗೆ ಮುಗಿಯಿತು. ವಿಚರ್ ಆಗುವ ಹಾಗೇ ಇಲ್ಲ ಅಂತ ಮಾಡಬಹುದು. ಆಗ ಆಟ ಕೊಳ್ಳಲು ಬಂದವರಿಗೆ ಬೇಕಾದದ್ದೇ ಸಿಗುವುದಿಲ್ಲ.

ಎಲ್ಡನ್ ರಿಂಗ್ ನನಗೂ ತುಂಬಾ ಇಷ್ಟ. ಆದರೆ ಅದರಲ್ಲಿ ಬೇರೆ ಆಟಗಾರರು ಹೇಗೆ ಕಾಣಿಸುತ್ತಾರೆ ಗಮನಿಸಿ. ನೆಲದ ಮೇಲೆ ಬರೆದಿಟ್ಟ ಸಂದೇಶ, ಯಾರೋ ಸತ್ತ ಜಾಗದ ರಕ್ತದ ಕಲೆ, ಅರೆಕ್ಷಣ ಮಿಂಚಿ ಮಾಯವಾಗುವ ಬಿಳಿ ಆಕೃತಿ. ಬೇರೆಯವರು ಇದ್ದಾರೆ, ಆದರೆ ಹೆಚ್ಚಿನ ಹೊತ್ತು ಕೈಗೆ ಸಿಗುವುದಿಲ್ಲ. ಇದು ಬೇಕಂತಲೇ ಮಾಡಿದ್ದು. 2025ರ ನೈಟ್‌ರೇನ್‌ನಲ್ಲಿ ಮೂವರು ಸೇರಿ ಆಡುವ ಹಾಗೆ ಮಾಡಿದರು, ಚೆನ್ನಾಗಿಯೇ ಇದೆ. ಆದರೂ ಅದು ಸಣ್ಣ ಗುಂಪಿನ ಓಟ. ಸತ್ತುಹೋದ ರಾಜ್ಯದಲ್ಲಿ ಮಾರುಕಟ್ಟೆ ನಡೆಸೋದು ಹೇಗೆ? ಅಲ್ಲಿ ಕೊಳ್ಳುವವರೇ ಇಲ್ಲ.

ಮಾಸ್ ಎಫೆಕ್ಟ್‌ಗೆ ಬನ್ನಿ. ಅಲ್ಲಿ ಹೀರೋ ಇಲ್ಲದ ಕಾಲವೇ ಸಿದ್ಧವಾಗಿದೆ. ಮನುಷ್ಯರು ಟೂರಿಯನ್ ಅನ್ನುವ ಅನ್ಯಗ್ರಹದವರ ಜೊತೆ ಮೊದಲ ಸಲ ಗುದ್ದಾಡುವುದು 2157ರಲ್ಲಿ. ಆಟದ ಹೀರೋ ಶೆಪರ್ಡ್ ಕಥೆ ಶುರುವಾಗುವುದು 2183ರಲ್ಲಿ. ನಡುವಿನ 26 ವರ್ಷಕ್ಕೆ ಯಾವ ಮಹಾವೀರನ ಕಾಟವೂ ಇಲ್ಲ. ಮನುಷ್ಯರು ಆಗಷ್ಟೇ ಬಂದ ಹೊಸಬರು, ಯಾರಿಗೂ ಅವರ ಮೇಲೆ ನಂಬಿಕೆ ಇಲ್ಲ. ಹೊಸ ಆಟಗಾರನ ಸ್ಥಿತಿಯೂ ಅದೇ ತಾನೇ?

ಇದರಲ್ಲಿ ಎಂಎಂಒಗೆ ಹೇಳಿ ಮಾಡಿಸಿದಂಥ ಸಣ್ಣ ಸಣ್ಣ ಸಂಗತಿಗಳಿವೆ. ಟೂರಿಯನ್‌ಗಳಿಗೆ, ಕ್ವೇರಿಯನ್ ಅನ್ನುವ ಇನ್ನೊಂದು ಅನ್ಯಗ್ರಹದ ಜನಾಂಗಕ್ಕೆ ಮನುಷ್ಯರ ಊಟ ಒಗ್ಗುವುದಿಲ್ಲ, ಅವರ ದೇಹದ ಪ್ರೋಟೀನ್ ರಚನೆಯೇ ಬೇರೆ. ಅಂದರೆ ಒಂದು ನಿಲ್ದಾಣಕ್ಕೆ ಎರಡು ಬಗೆಯ ಊಟ ಸಾಗಿಸಬೇಕು. ಒಂದು ಬಗೆ ಮುಗಿದರೆ ಅರ್ಧ ಜನ ಹಸಿದಿರಬೇಕು. ಇಷ್ಟರಿಂದಲೇ ಸರಕು ಸಾಗಿಸುವವನಿಗೆ, ದಾರಿಯಲ್ಲಿ ದೋಚುವವನಿಗೆ, ಕಾವಲಿಗೆ ಹೋಗುವವನಿಗೆ ಕೆಲಸ ಹುಟ್ಟುತ್ತದೆ. ದೂರದ ನಕ್ಷತ್ರಕ್ಕೆ ಹೋಗಬೇಕಾದರೆ ಮಾಸ್ ರಿಲೇ ಅನ್ನುವ ಬಾಹ್ಯಾಕಾಶದ ಹೆಬ್ಬಾಗಿಲು ದಾಟಲೇಬೇಕು. ಹೀಗಾಗಿ ಎಲ್ಲರೂ ಹಾಯುವ ಕೆಲವೇ ಬಾಗಿಲುಗಳು ತಾವಾಗಿಯೇ ಮುಖ್ಯವಾಗುತ್ತವೆ.

ಕ್ವೇರಿಯನ್‌ಗಳ ಪಿಲ್ಗ್ರಿಮೇಜ್ ನೆನಪಿದೆಯಾ? ಹರೆಯಕ್ಕೆ ಬಂದವರು ತಮ್ಮ ಹಡಗಿನ ದಂಡನ್ನು ಬಿಟ್ಟು ಹೊರಡುತ್ತಾರೆ. ಬೆಲೆಯುಳ್ಳ ಏನಾದರೂ ತಂದು ಒಪ್ಪಿಸಿದರೇ ಇನ್ನೊಂದು ಹಡಗಿಗೆ ಸೇರಿಸಿಕೊಳ್ಳುವುದು. ಹೊಸ ಆಟಗಾರ ಗಿಲ್ಡ್ (ಆಟಗಾರರು ಕಟ್ಟಿಕೊಳ್ಳುವ ಸಂಘ) ಸೇರುವ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ಯಾರು ಬರೆಯುತ್ತಾರೆ? ಹಡಗೇ ಗಿಲ್ಡ್. ಏನು ತಂದರೆ ಸಾಕು ಅಂತ ಆ ಹಡಗಿನ ಆಟಗಾರರೇ ತೀರ್ಮಾನಿಸಲಿ.

ಹೊಡೆದಾಟದ ಮಟ್ಟಿಗೂ ಚಿಂತೆ ಕಡಿಮೆ. 2012ರ ಮೂರನೇ ಭಾಗದಲ್ಲಿ ನಾಲ್ವರು ಸೇರಿ ಆಡುವ ಮೋಡ್ ಇತ್ತು. ಒಬ್ಬ ತನ್ನ ಬಯೋಟಿಕ್ (ಮನಸ್ಸಿನಿಂದಲೇ ಪ್ರಯೋಗಿಸುವ) ಶಕ್ತಿಯನ್ನು ಶತ್ರುವಿನ ಮೇಲೆ ಅಂಟಿಸಿದರೆ ಇನ್ನೊಬ್ಬ ಅದನ್ನು ಸಿಡಿಸುತ್ತಿದ್ದ. ಮಾತಿಲ್ಲದೆಯೇ ಅಪರಿಚಿತರು ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಿದ್ದರು. ಸ್ಪೆಕ್ಟರ್, ಅಂದರೆ ಕಾನೂನಿಗೂ ಮೀರಿದ ವಿಶೇಷ ಏಜೆಂಟ್, ಕೆಲಸವನ್ನು ಮಾತ್ರ ಆಟಗಾರರಿಗೆ ಕೊಡಬೇಡಿ. ಕೊಟ್ಟರೆ ಜೇಡೈ ಕಥೆ ಮತ್ತೆ ಶುರು.

ಈಗ ಸ್ಟಾಕರ್. 2007ರಲ್ಲಿ ಮೊದಲ ಆಟ, 2009ರಲ್ಲಿ ಕಾಲ್ ಆಫ್ ಪ್ರಿಪ್ಯಾತ್, 2024ರಲ್ಲಿ ಸ್ಟಾಕರ್ 2. ಚೆರ್ನೋಬಿಲ್ ಸುತ್ತ ಬೇಲಿ ಹಾಕಿದ ಝೋನ್. ಹೆಜ್ಜೆಹೆಜ್ಜೆಗೂ ಕಣ್ಣಿಗೆ ಸರಿಯಾಗಿ ಕಾಣದ ಅನಾಮಲಿಗಳು, ಅಂದರೆ ಕಾಲಿಟ್ಟರೆ ಕೊಲ್ಲುವ ವಿಚಿತ್ರ ಜಾಗಗಳು. ಅವುಗಳ ನಡುವೆ ಆರ್ಟಿಫ್ಯಾಕ್ಟ್ ಅನ್ನುವ ವಿಚಿತ್ರ ಶಕ್ತಿಯ ವಸ್ತುಗಳು ಸಿಗುತ್ತವೆ, ಹೊರಗಡೆ ಅವಕ್ಕೆ ಭಾರೀ ಬೆಲೆ. ಇಲ್ಲಿ ಯಾರೂ ಆರಿಸಿ ಬಂದ ವೀರರಲ್ಲ. ಸ್ಟಾಕರ್ ಅಂದರೆ ದುಡ್ಡಿಗೋ ಹಟಕ್ಕೋ ಬೇಲಿ ದಾಟಿ ಬಂದ ಸಾಮಾನ್ಯ ಮನುಷ್ಯ. ಹೀರೋನನ್ನು ತೆಗೆದರೂ ಝೋನ್ ಹಾಗೇ ನಡೆಯುತ್ತದೆ.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಮುಂದೆ ಗಾಳಿ ಸ್ವಲ್ಪ ನಡುಗಿದಂತೆ ಕಾಣುತ್ತದೆ. ಜೇಬಿನಿಂದ ಒಂದು ಬೋಲ್ಟ್ ತೆಗೆದು ಎಸೆಯುತ್ತೀರಿ. ಅದು ಬಿದ್ದ ಕಡೆ ಅನಾಮಲಿ ಸಿಡಿಯುತ್ತದೆ. ಮತ್ತೆ ಕೂಡಿಕೊಳ್ಳುವ ಮೊದಲು ಪಕ್ಕದಿಂದ ನುಸುಳುತ್ತೀರಿ. ಆರ್ಟಿಫ್ಯಾಕ್ಟ್ ಹುಡುಕಲು ಕೈಯಲ್ಲಿರುವುದು ಅಗ್ಗದ ಎಕೋ ಡಿಟೆಕ್ಟರ್ ಆದರೆ ಬರೀ ಬೀಪ್ ಸದ್ದು, ಹುಡುಕಿಕೊಂಡು ಸಾಯಬೇಕು. ವೆಲೆಸ್ ಅನ್ನುವ ಇನ್ನೂ ಒಳ್ಳೆಯ ಡಿಟೆಕ್ಟರ್ ಇದ್ದರೆ ಪರದೆಯ ಮೇಲೆ ಜಾಗ ತೋರಿಸುತ್ತದೆ. ಇದನ್ನು ಇಬ್ಬರು ಆಡುವುದನ್ನು ಕಲ್ಪಿಸಿಕೊಳ್ಳಿ. ಒಬ್ಬ ಬೋಲ್ಟ್ ಎಸೆದು ದಾರಿ ಬಿಡಿಸುತ್ತಾನೆ, ಇನ್ನೊಬ್ಬ ಡಿಟೆಕ್ಟರ್ ಹಿಡಿದು ಎಡಕ್ಕೆ, ಬಲಕ್ಕೆ ಅನ್ನುತ್ತಾನೆ. ಬಂದೂಕು ಹೆಗಲಲ್ಲೇ ಇರುತ್ತದೆ. ಆದರೂ ಎದೆ ಢವಢವ ಅನ್ನುತ್ತದೆ.

ಕಸುಬುಗಳಿಗೂ ಬರವಿಲ್ಲ. ಕಾಲ್ ಆಫ್ ಪ್ರಿಪ್ಯಾತ್‌ನಲ್ಲಿ ದುಡ್ಡು ತೆಗೆದುಕೊಂಡು ಒಂದು ಪ್ರದೇಶದಿಂದ ಇನ್ನೊಂದಕ್ಕೆ ಕರೆದೊಯ್ಯುವ ಗೈಡ್‌ಗಳಿದ್ದಾರೆ. ಬಂದೂಕು ಸುಧಾರಿಸುವ ಮೆಕ್ಯಾನಿಕ್‌ಗಳಿದ್ದಾರೆ, ಆದರೆ ಅವರಿಗೆ ಬೇಕಾದ ಟೂಲ್‌ಗಳನ್ನು ಯಾರಾದರೂ ಝೋನ್‌ನಿಂದ ಹುಡುಕಿ ತಂದುಕೊಡಬೇಕು. ಆರ್ಟಿಫ್ಯಾಕ್ಟ್ ಕೊಳ್ಳುವ ವಿಜ್ಞಾನಿಗಳು ಬೇರೆ. ಈ ಕಸುಬುಗಳಲ್ಲಿ ಹೆಚ್ಚಿನವನ್ನು ಎನ್‌ಪಿಸಿಯಿಂದ (ಕಂಪ್ಯೂಟರ್ ನಡೆಸುವ ಪಾತ್ರ) ಕಿತ್ತು ಆಟಗಾರರ ಕೈಗೆ ಕೊಟ್ಟರಾಯಿತು. ಗೈಡ್ ಕೆಲಸ ಆಟಗಾರನದ್ದಾದರೆ ಫಾಸ್ಟ್ ಟ್ರಾವೆಲ್ (ನಡೆಯದೆ ಕ್ಷಣದಲ್ಲಿ ದೂರ ತಲುಪುವುದು) ಸಮಸ್ಯೆಯೂ ಅಲ್ಲೇ ಬಗೆಹರಿಯಿತು, ಅಲ್ವಾ?

ನನಗೆ ಇದರಲ್ಲಿ ಅತಿ ಹೆಚ್ಚು ಹಿಡಿಸುವುದು ಎಮಿಷನ್, ಅಂದರೆ ಝೋನ್‌ನಲ್ಲಿ ಆಗಾಗ ಏಳುವ ಮಾರಕ ಶಕ್ತಿಯ ಅಲೆ. ಆಕಾಶ ಕೆಂಪಾಗುತ್ತದೆ. ಸೈರನ್ ಕೂಗುತ್ತದೆ. ಬಯಲಲ್ಲಿ ಸಿಕ್ಕಿಕೊಂಡವರು ಸಾಯುತ್ತಾರೆ, ಅದಕ್ಕೇ ಎಲ್ಲರೂ ಬಿದ್ದಂಬೀಳ ಸೂರು ಹುಡುಕಿ ಓಡುತ್ತಾರೆ. ಮುಗಿದ ಮೇಲೆ ಹೊಸ ಆರ್ಟಿಫ್ಯಾಕ್ಟ್‌ಗಳು ಹುಟ್ಟಿರುತ್ತವೆ. ಸರ್ವರ್‌ಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗುವುದಿಲ್ಲ. ಐದು ನಿಮಿಷದ ಹಿಂದೆ ಗುಂಡು ಹಾರಿಸಿಕೊಳ್ಳುತ್ತಿದ್ದವರು ಈಗ ಒಂದೇ ನೆಲಮಾಳಿಗೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಕದ ತೆರೆದ ತಕ್ಷಣ ಮೊದಲು ಯಾರು ಹೊರಗೆ ಓಡಬೇಕು? ಯಾರು ಯಾರ ಬೆನ್ನಿಗೆ ಹೊಡೆಯುತ್ತಾರೆ? ಡಿಸೈನರ್ ಕಥೆ ಬರೆಯುವುದೇ ಬೇಡ.

ಝೋನ್ ನಾಶವಾಗಲಿ ಅನ್ನುವ ಡ್ಯೂಟಿ ಬಣ, ಎಲ್ಲರಿಗೂ ತೆರೆದಿರಲಿ ಅನ್ನುವ ಫ್ರೀಡಂ ಬಣ. ಇಬ್ಬರಿಗೂ ಕಂಡರಾಗದು. ಆದರೂ ಯಾನೋವ್ ಸ್ಟೇಷನ್‌ನಲ್ಲಿ ಕದನವಿರಾಮ ಮಾಡಿಕೊಂಡು ಒಂದೇ ಕಟ್ಟಡದಲ್ಲಿ ಇರುತ್ತಾರೆ. ಅಲ್ಲಿ ಬಂದೂಕು ತೆಗೆಯುವಂತಿಲ್ಲ. ಪಿವಿಪಿ (ಆಟಗಾರರೇ ಪರಸ್ಪರ ಹೊಡೆದಾಡುವುದು) ಇರುವ ಆಟದಲ್ಲಿ ಹೊಡೆದಾಟ ನಿಷೇಧಿಸಿದ ಸೇಫ್ ಝೋನ್ ಯಾಕಿದೆ ಅನ್ನುವುದಕ್ಕೆ ಬಹಳ ಆಟಗಳು ಕಾರಣವೇ ಕೊಡುವುದಿಲ್ಲ. ಇಲ್ಲಿ ಲೋಕವೇ ಕಾರಣ ಕೊಟ್ಟಿದೆ.

ಕಷ್ಟವೂ ಇದೆ. ಜನ ಜಾಸ್ತಿ ಆದಷ್ಟೂ ಭಯ ಕಡಿಮೆಯಾಗುತ್ತದೆ. ಹತ್ತಿರ ಹತ್ತಿರ ಹದಿನೈದು ಆಟಗಾರರು ಓಡಾಡುತ್ತಿದ್ದರೆ ಝೋನ್ ಸಂತೆ ಆಗಿಬಿಡುತ್ತದೆ. ಅದಕ್ಕೆ ಸ್ಟೇಷನ್, ಬಾರ್‌ಗಳಲ್ಲಿ ಜನ ತುಂಬಿರಲಿ, ಹೊರಗಿನ ಪ್ರದೇಶಗಳು ಮಾತ್ರ ದೊಡ್ಡದಾಗಿ, ಖಾಲಿಯಾಗಿ ಇರಲಿ. ತಲೆಯ ಮೇಲೆ ಹೆಸರು ತೇಲುವುದು ಬೇಡ. ಎಲ್ಲರಿಗೂ ಕೇಳುವ ಚಾಟ್ ಬೇಡ. ದೂರದಲ್ಲಿ ಕಂಡ ಟಾರ್ಚ್ ಬೆಳಕು ಮನುಷ್ಯನದ್ದೋ ಅಂತ ಅನುಮಾನ ಬರಬೇಕು. ಬಂದವನು ಸ್ನೇಹಿತನೋ ಅಂತ ಎರಡನೇ ಅನುಮಾನ ಬರಬೇಕು.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಪೋಕೆಮಾನ್ ಲೋಕ ಮೇಲ್ನೋಟಕ್ಕಿಂತ ಎಷ್ಟೋ ಗಟ್ಟಿ. 1996ರ ಮೊದಲ ಆಟದಲ್ಲೇ ಕಡಾಬ್ರಾ, ಹಾಂಟರ್‌ನಂಥವು ಇನ್ನೊಬ್ಬರ ಜೊತೆ ಟ್ರೇಡ್ ಮಾಡಿದರೆ ಮಾತ್ರ ಮುಂದಿನ ರೂಪಕ್ಕೆ ಬರುತ್ತಿದ್ದವು. ಬೇರೆಯವರು ಬೇಕೇ ಬೇಕು ಅನ್ನುವುದು ಬುನಾದಿಯಲ್ಲೇ ಇದೆ. ಜಿಮ್ ಲೀಡರ್ (ಊರಿನ ಪಂದ್ಯದ ಅಖಾಡದ ಮುಖ್ಯಸ್ಥ) ಪದವಿಯನ್ನು ಆಟಗಾರರು ಗೆದ್ದು ಉಳಿಸಿಕೊಳ್ಳುವ ಹಾಗೆ ಮಾಡಬಹುದು. ಮಾನ್‌ಸ್ಟರ್ ಹಂಟರ್ ಬಗ್ಗೆ ಹೊಸದಾಗಿ ಊಹಿಸಬೇಕಾಗಿಲ್ಲ. ಅದರ ಫ್ರಾಂಟಿಯರ್ ಜಪಾನ್‌ನಲ್ಲಿ 2007ರಿಂದ 2019ರವರೆಗೆ ಆನ್‌ಲೈನ್ ಆಟವಾಗಿಯೇ ನಡೆಯಿತು. ಅಲ್ಲಿ ಬೇಟೆ ಬಿಟ್ಟರೆ ಬೇರೆ ಕಸುಬಿಗೆ ಜಾಗ ಮಾಡುವುದು ಕಷ್ಟ.

ಮಧ್ಯಯುಗದ ಯುದ್ಧದ ಆಟ ಮೌಂಟ್ ಅಂಡ್ ಬ್ಲೇಡ್‌ನ ಲೋಕವಾದ ಕಾಲ್‌ರೇಡಿಯಾ ನನ್ನ ಮೂರನೇ ಆಯ್ಕೆ. ಹಳ್ಳಿಯವರು ಧಾನ್ಯ ತುಂಬಿಕೊಂಡು ಪಟ್ಟಣಕ್ಕೆ ಹೊರಡುತ್ತಾರೆ. ಹಳ್ಳಿಯನ್ನು ಸುಟ್ಟರೆ ಪಟ್ಟಣಕ್ಕೆ ಊಟ ಕಡಿಮೆಯಾಗುತ್ತದೆ. ಇಂಥ ಕೊಂಡಿ ಇರುವ ಲೋಕ ಅಪರೂಪ. ಅದೇ ಸರಣಿಯ ವಾರ್‌ಬ್ಯಾಂಡ್‌ಗೆ ಅಭಿಮಾನಿಗಳು ಮಾಡಿದ ಪರ್ಸಿಸ್ಟೆಂಟ್ ವರ್ಲ್ಡ್ ಅನ್ನುವ ಮಾಡ್ (ಆಟದ ಬದಲಾಯಿಸಿದ ರೂಪ) ಇದೆ. ಅದರಲ್ಲಿ ಗಣಿ ಅಗೆಯುವವರು, ಕಮ್ಮಾರರು, ಸೈನಿಕರು ಎಲ್ಲ ಆಟಗಾರರೇ. ನಿಮ್ಮ ಅಭ್ಯಾಸಕ್ಕೆ ಅದನ್ನು ಒಮ್ಮೆ ನೋಡಲೇಬೇಕು. ಇಲ್ಲಿನ ದೊಡ್ಡ ತಲೆನೋವು ಅಂದರೆ ನೀವು ಮಲಗಿದಾಗ ಕೋಟೆ ಕೈತಪ್ಪುವುದು. ಮುತ್ತಿಗೆಗೆ ದಿನದಲ್ಲಿ ಗೊತ್ತಾದ ಕೆಲವು ಗಂಟೆ ಮಾತ್ರ ಅವಕಾಶ, ಆ ಗಂಟೆಯನ್ನು ಕೋಟೆಯವರೇ ಆರಿಸುವುದು ಅಂತ ಮಾಡಿದರೆ ಜಗಳ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಆಟದ ಡಿಸೈನ್ ಡಾಕ್ಯುಮೆಂಟ್ ಬರೆಯುವ ವಿಚಾರ. ಲೋಕ ಯಾವುದೇ ಆಗಲಿ, ಮೊದಲು ಪ್ರಯಾಣದ ನಿಯಮ ಬರೆಯಿರಿ. ಎಲ್ಲಿಂದ ಎಲ್ಲಿಗೆ ಬೇಕಾದರೂ ಕ್ಷಣದಲ್ಲಿ ಹೋಗಬಹುದು ಅಂದರೆ ಇಡೀ ಲೋಕಕ್ಕೆ ಒಂದೇ ಬೆಲೆ, ವ್ಯಾಪಾರಿ ಸತ್ತ. ಆಲ್ಬಿಯನ್ ಆನ್‌ಲೈನ್‌ನಲ್ಲಿ ಒಂದೊಂದು ಪಟ್ಟಣಕ್ಕೂ ಅದರದ್ದೇ ಮಾರುಕಟ್ಟೆ. ಅದಕ್ಕೇ ಅಲ್ಲಿ ಎತ್ತಿನ ಮೇಲೆ ಸರಕು ಹೇರಿಕೊಂಡು ಹೋಗುವವರು ಇದ್ದಾರೆ. ಎರಡನೆಯದು, ವಸ್ತು ಹೇಗೆ ಹಾಳಾಗುತ್ತದೆ ಅಂತ ಬರೆಯಿರಿ. ಈವ್ ಆನ್‌ಲೈನ್‌ನಲ್ಲಿ ಹಡಗು ಸಿಡಿದರೆ ಸಿಡಿಯಿತು, ವಾಪಸ್ ಬರುವುದಿಲ್ಲ. ಹಾಗಾಗಿ 2003ರಿಂದಲೂ ಹಡಗು ಕಟ್ಟುವವರಿಗೆ ಕೆಲಸ ತಪ್ಪಿಲ್ಲ.

ಪ್ರಾಣಿ, ಗಿಡ, ಬೇಟೆ ಎಲ್ಲ ತಾವಾಗಿಯೇ ಬೆಳೆಯಲಿ ಅಂತ ಆಸೆ ಬರುತ್ತದೆ. 1997ರ ಅಲ್ಟಿಮಾ ಆನ್‌ಲೈನ್‌ಗೆ ಅಂಥದ್ದೊಂದು ವ್ಯವಸ್ಥೆ ಮಾಡಿದ್ದರು. ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ಪ್ರಾಣಿ, ಹೀಗೆ. ಆಟಗಾರರು ಬಂದವರೇ ಕಂಡದ್ದನ್ನೆಲ್ಲ ಕೊಂದರು, ಆ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಒಂದು ಸಂಜೆಗೆ ಎಷ್ಟು ಜನ ಎಷ್ಟು ಕೊಲ್ಲಬಹುದು ಅಂತ ಮೊದಲೇ ಲೆಕ್ಕ ಹಾಕಿ, ಅದರ ಮೇಲೆ ಇನ್ನೂ ಹಲವು ಪಟ್ಟು ಹಿಡಿಯಿರಿ.

ಎನ್‌ಪಿಸಿಗಳನ್ನು ಪೂರ್ತಿ ತೆಗೆಯಲೂ ಹೋಗಬೇಡಿ. ಫಾಲ್‌ಔಟ್ 76 ಬಂದಾಗ, 2018ರ ನವೆಂಬರ್‌ನಲ್ಲಿ, ಮಾತಾಡಲು ಒಬ್ಬ ಮನುಷ್ಯ ಎನ್‌ಪಿಸಿಯೂ ಇರಲಿಲ್ಲ. ಟೇಪ್, ರೋಬೋಟ್ ಅಷ್ಟೇ. ಜನ ಬೇಸರಪಟ್ಟರು. 2020ರ ಏಪ್ರಿಲ್‌ನ ವೇಸ್ಟ್‌ಲ್ಯಾಂಡರ್ಸ್ ಅಪ್‌ಡೇಟ್‌ನಲ್ಲಿ ಮನುಷ್ಯರನ್ನು ತಂದ ಮೇಲೇ ಆಟಕ್ಕೆ ಜೀವ ಬಂತು. ಹತ್ತು ಜನ ಮಾತ್ರ ಆನ್‌ಲೈನ್ ಇರುವ ಹೊತ್ತಿನಲ್ಲೂ ಬಾರ್ ತೆರೆದಿರಬೇಕು, ಬ್ರೆಡ್ ಸಿಗಬೇಕು.

ನೀವು ಮಾಸ್ ಎಫೆಕ್ಟ್ ಹಿಡಿದರೆ ಒಂದೇ ಒಂದು ನಿಲ್ದಾಣ, ಎರಡು ರಿಲೇ, ಒಂದು ಕ್ವೇರಿಯನ್ ಹಡಗು ಸಾಕು. ಸ್ಟಾಕರ್ ಹಿಡಿದರೆ ಯಾನೋವ್ ಮತ್ತು ಅದರ ಸುತ್ತಲಿನ ಬಯಲು ಸಾಕು. ಅಷ್ಟರೊಳಗೆ ಒಂದು ಸಂಜೆ ಬಂದೂಕು ಮುಟ್ಟದೆ ಮಾಡಬಹುದಾದ ಕೆಲಸಗಳನ್ನು ಬರೆದು, ಒಂದೊಂದರ ಮುಂದೆ ಅದು ಯಾರಿಗೆ ಬೇಕು ಅಂತ ಬರೆಯಿರಿ. ಹೊಡೆದಾಟದ ಭಾಗ ಆಮೇಲೆ. ಆ ಮೊದಲ ಪುಟ ಆದ ತಕ್ಷಣ ಇಲ್ಲೇ ಹಾಕಿ, ಪೂರ್ತಿ ಓದಿ ಹೇಳುತ್ತೇನೆ.