ಮೂರನೇ ಪೂಜೆ ಮುಗಿದ ಮೇಲೆ ಫಾದರ್ ಒಬ್ಬರೇ ಕೂತಿದ್ದರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಹತ್ತಿರ ಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ವಯಸ್ಸು ಅರವತ್ತು ದಾಟಿದೆ, ನಿವೃತ್ತ ಶಿಕ್ಷಕಿ. ತಮ್ಮ ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಕಥೋಲಿಕ ಸಮುದಾಯ) ಪಾಲನಾ ಸಮಿತಿಯ ಕಾರ್ಯದರ್ಶಿ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಮೊದಲ ದಿನವೆಲ್ಲ ರಕ್ತದೊತ್ತಡ, ಮಂಡಿನೋವು, ಮಗಳ ಮನೆಯ ಚಿಂತೆ ಇವುಗಳಲ್ಲೇ ಕಳೆಯಿತು. ಎರಡನೇ ಸಲ ಬಂದಾಗ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತರು. "ಮೇಡಂ, ಒಂದು ವಿಷಯ ಹೇಳ್ಲಾ?" ಎಂದರು. ಮತ್ತೆ ಕೂರಿಸಿದೆ.

ಒಂದು ಭಾನುವಾರದ ಮಾತು. ಅವರ ಚರ್ಚಿನ ಗುರುಗಳಾದ ಫಾದರ್ ಅವತ್ತು ಮೂರು ಬಲಿಪೂಜೆ (ಮಾಸ್) ಅರ್ಪಿಸಿದ್ದರು. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ನಿಯಮದ ಪ್ರಕಾರ ಒಬ್ಬ ಗುರು ದಿನಕ್ಕೆ ಒಂದೇ ಪೂಜೆ ಮಾಡಬೇಕು. ತೀರಾ ಅಗತ್ಯವಿದ್ದರೆ ಮಾತ್ರ ಭಾನುವಾರ ಮೂರರವರೆಗೆ ಅನುಮತಿ ಸಿಗುತ್ತದೆ. ಅಂದರೆ ಅವರು ಆ ಮಿತಿಯ ಅಂಚಿನಲ್ಲಿದ್ದರು. ಮೂರನೇ ಪೂಜೆ ಮುಗಿದ ಮೇಲೆ ಟೀಚರ್ ಬಲಿಪೀಠದ ಹಿಂದಿನ ಕೋಣೆಗೆ ಹೋದರು. ಕೈಯಲ್ಲಿ ಒಂದು ಪತ್ರ. ಪ್ರಬೋಧನೆ (ಪೂಜೆಯ ನಡುವೆ ಗುರುಗಳು ಮಾಡುವ ಉಪದೇಶ) ಬಹಳ ಉದ್ದ ಆಗುತ್ತಿದೆ ಎಂದು ಹನ್ನೊಂದು ಜನ ಸಹಿ ಹಾಕಿದ ದೂರು. ಫಾದರ್ ಪೂಜೆಯ ಮೇಲಂಗಿಯನ್ನೂ ಕಳಚದೆ, ಗೋಡೆಗೆ ತಲೆ ಒರಗಿಸಿ ಕೂತಿದ್ದರು. ಪತ್ರ ಓದಿದರು, ಮಡಚಿ ಜೇಬಿಗೆ ಹಾಕಿದರು. "ಸರಿ ಟೀಚರ್, ನೋಡ್ತೀನಿ" ಎಂದರು. ಆಮೇಲೆ ಮೆಲ್ಲಗೆ, "ಬೆಳಗ್ಗೆಯಿಂದ ಇಷ್ಟು ಜನರ ಕೈ ಮುಟ್ಟಿದೆ. ಹೇಗಿದ್ದೀರಿ ಫಾದರ್ ಅಂತ ಒಬ್ಬರೂ ಕೇಳಲಿಲ್ಲ" ಎಂದರಂತೆ.

ಟೀಚರ್‌ಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ರಾತ್ರಿ ಎರಡು ಗಂಟೆಗೆ ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆಂದು ಕರೆ ಬಂದು, ಫಾದರ್ ಅಭ್ಯಂಗ ಸಂಸ್ಕಾರ (ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವುದು) ಕೊಡಲು ಹೋಗಿದ್ದರು. ಅದು ಇವರಿಗೆ ತಿಳಿದದ್ದು ಎರಡು ದಿನ ಬಿಟ್ಟು.

"ಆ ಪತ್ರ ಬರೆದದ್ದು ನಾನೇ ಮೇಡಂ," ಎಂದು ಅತ್ತರು.

ಅಳಲು ಬಿಟ್ಟೆ. ಆಮೇಲೆ ಕೆಲವು ಪ್ರಶ್ನೆ ಕೇಳಿದೆ. ಫಾದರ್ ವಾರದಲ್ಲಿ ಯಾವ ದಿನ ವಿಶ್ರಾಂತಿ ತಗೊಳ್ತಾರೆ? ಗೊತ್ತಿಲ್ಲ. ಅವರ ತಂದೆ ತಾಯಿ ಇದ್ದಾರಾ? ತಾಯಿ ಇದ್ದಾರೇನೋ. ಅವರಿಗೆ ಆಪ್ತ ಗೆಳೆಯರು ಯಾರು? ಗೊತ್ತಿಲ್ಲ. ಮನೆಯಲ್ಲಿ ಹುಷಾರಿಲ್ಲದೆ ಮಲಗಿದರೆ ಯಾರಿಗೆ ತಿಳಿಯುತ್ತದೆ? ಟೀಚರ್ ಸುಮ್ಮನಾದರು. ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಭೇಟಿಯಾಗುವ ಮನುಷ್ಯರ ಬಗ್ಗೆ ಅವರಿಗೆ ನಿಖರವಾಗಿ ಗೊತ್ತಿದ್ದದ್ದು ಪ್ರಬೋಧನೆ ಎಷ್ಟು ನಿಮಿಷ ಎನ್ನುವುದು ಮಾತ್ರ. ಇದನ್ನು ಅವರೇ ಹೇಳಿಕೊಂಡರು.

ಮುಂದಿನ ವಾರ ಟೀಚರ್ ಒಂದು ಯೋಜನೆ ಹಿಡಿದು ಬಂದರು. ಗುರುದೀಕ್ಷೆಯ ವಾರ್ಷಿಕೋತ್ಸವಕ್ಕೆ ದೊಡ್ಡ ಸನ್ಮಾನ. ವೇದಿಕೆ, ಭಾಷಣ, ಕಾಣಿಕೆ. ಅವರ ಮನಸ್ಸು ಒಳ್ಳೆಯದೇ. ಆದರೂ ಸ್ವಲ್ಪ ತಡೆಯಿರಿ ಎಂದೆ. ದಣಿದವರನ್ನು ಮೂರು ಗಂಟೆ ವೇದಿಕೆಯಲ್ಲಿ ಕೂರಿಸಿದರೆ ಅವರು ನಗಬೇಕು, ಎಲ್ಲರಿಗೂ ಕೈಮುಗಿಯಬೇಕು, ಕೊನೆಗೆ ಭಾಷಣವನ್ನೂ ಮಾಡಬೇಕು. ಅದು ಅವರಿಗೆ ಇನ್ನೊಂದು ಕೆಲಸ ಅಲ್ವಾ? ಸನ್ಮಾನ ಬೇಡ ಎಂದಲ್ಲ. ಅದು ನಮ್ಮ ಅಪರಾಧಪ್ರಜ್ಞೆ ಇಳಿಸಿಕೊಳ್ಳುವ ದಾರಿ ಆಗಬಾರದು ಅಷ್ಟೆ.

ಮೊದಲು ಒಬ್ಬರೇ ಹೋಗಿ ಮಾತಾಡಿ ಎಂದೆ. ಭಾನುವಾರ ಬೇಡ, ಪೂಜೆ ಮುಗಿದ ಕೂಡಲೇ ಬೇಡ. ಪತ್ರದ ವಿಷಯಕ್ಕೆ ಕ್ಷಮೆ ಕೇಳಬೇಕಿಲ್ಲ. ಕೊಟ್ಟ ಹೊತ್ತಿಗೆ, ಸಹಿ ಸಂಗ್ರಹಿಸಿದ ರೀತಿಗೆ ಕೇಳಿ. ಯಾಕೆಂದರೆ ವಿಶ್ವಾಸಿಗಳು ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸಬಹುದು, ಕೆಲವೊಮ್ಮೆ ಅದು ಅವರ ಕರ್ತವ್ಯವೂ ಹೌದು, ಗೌರವ ಬಿಡದೆ ತಿಳಿಸಬೇಕು ಎಂದು 1983ರ ಧರ್ಮಸಭಾ ಕಾನೂನಿನ 212ನೇ ವಿಧಿಯೇ ಹೇಳುತ್ತದೆ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ ನೀವಿಬ್ಬರೇ ಇರುವಾಗ ತಿಳಿಹೇಳು ಎಂಬ ಯೇಸುವಿನ ಮಾತು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ನಾವು ಮಾಡುವುದು ಇದರ ತಿರುವುಮುರುವು. ಗೇಟಿನ ಹತ್ತಿರ ಹತ್ತು ಜನ ಮಾತಾಡಿಕೊಂಡು, ಕಡೆಗೆ ಗುರುಗಳಿಗೆ ಹೇಳುತ್ತೇವೆ. ಅಷ್ಟು ಹೊತ್ತಿಗೆ ಅವರ ಕಿವಿಗೆ ಅದು ಬೇರೆ ದಾರಿಯಲ್ಲಿ ಬಿದ್ದಿರುತ್ತದೆ.

ಹೋಗುವಾಗ ಒಂದು ನಿಜವಾದ ಒಳ್ಳೆಯ ಮಾತು ಜೊತೆಗಿರಲಿ ಎಂದೆ. "ಪ್ರಬೋಧನೆ ಚೆನ್ನಾಗಿತ್ತು ಫಾದರ್" ಎಂಬ ಮಾತು ಕೈಕುಲುಕಿದಷ್ಟೇ ಬೇಗ ಮರೆತುಹೋಗುತ್ತದೆ. ಟೀಚರ್ ಯೋಚಿಸಿದರು. ಅವರ ಯಜಮಾನರು ತೀರಿಕೊಂಡಾಗ ಫಾದರ್ ಏನೂ ಉಪದೇಶ ಮಾಡದೆ ಒಂದು ಗಂಟೆ ಪಕ್ಕದಲ್ಲಿ ಕೂತಿದ್ದರಂತೆ. "ಅದನ್ನ ಅವರಿಗೆ ಯಾವತ್ತೂ ಹೇಳೇ ಇಲ್ಲ," ಎಂದರು. ಅದನ್ನೇ ಹೇಳಿ ಎಂದೆ.

ನಂತರ ಕೆಲಸದ ವಿಷಯ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಒಂದು ಹಾಳೆಯಲ್ಲಿ ಫಾದರ್ ಒಂದು ವಾರದಲ್ಲಿ ಮಾಡುವ ಎಲ್ಲವನ್ನೂ ಬರೆಯಲು ಹೇಳಿದೆ. ಗುರುಗಳೇ ಮಾಡಬೇಕಾದದ್ದು ಯಾವುದು, ಬೇರೆಯವರಿಗೂ ಆಗುವಂಥದ್ದು ಯಾವುದು ಎಂದು ಗೆರೆ ಎಳೆಯಲು ಹೇಳಿದೆ. ಬಲಿಪೂಜೆ, ಪಾಪನಿವೇದನೆ, ರೋಗಿಗಳ ಅಭ್ಯಂಗ ಗುರುಗಳಿಂದಲೇ ಆಗಬೇಕು. ಸಭಾಂಗಣದ ಬೀಗದ ಕೈ, ಕರೆಂಟ್ ಬಿಲ್, ನಲ್ಲಿ ರಿಪೇರಿ, ಜ್ಞಾನಸ್ನಾನದ ಪ್ರಮಾಣಪತ್ರ ಹುಡುಕಿಕೊಡುವುದು, ಲೆಕ್ಕ ಬರೆಯುವುದು, ಕುರ್ಚಿ ಜೋಡಿಸುವುದು? ಟೀಚರ್ ಎರಡು ಪುಟ ತುಂಬಿಸಿ ತಂದರು. ಮುಕ್ಕಾಲು ಪಾಲು ಗೆರೆಯ ಈಚೆಗೆ, ಬೇರೆಯವರಿಗೂ ಆಗುವಂಥ ಕೆಲಸಗಳ ಕಡೆಗೆ ಬಂತು. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು ಎಂದು ಧರ್ಮಸಭೆಯ ಕಾನೂನಿದೆ. ಇವರಲ್ಲೂ ಹೆಸರಿಗೆ ಇತ್ತು, ಲೆಕ್ಕ ಮಾತ್ರ ಫಾದರ್ ರಾತ್ರಿ ಕೂತು ಬರೆಯುತ್ತಿದ್ದರು. ಜಗತ್ತಿನ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಗುರುಗಳ ಸೇವೆ ಮತ್ತು ಜೀವನದ ಬಗ್ಗೆ ಒಂದು ಆದೇಶ ಹೊರಡಿಸಿತು. ಗುರುಗಳ ಚಿಂತೆಗಳಲ್ಲಿ ಪಾಲು ತೆಗೆದುಕೊಳ್ಳಿ, ಪ್ರಾರ್ಥನೆಯಿಂದಲೂ ಕೆಲಸದಿಂದಲೂ ನೆರವಾಗಿ ಎಂದು ಅದು ಜನರಿಗೆ ಹೇಳುತ್ತದೆ. ಪ್ರಾರ್ಥನೆಯನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ಕೆಲಸವನ್ನು ಮರೆತಿದ್ದೇವೆ.

ವಿಚಾರಣಾ ಗುರುಗಳಿಗೆ (ಧರ್ಮಕೇಂದ್ರದ ಹೊಣೆ ಹೊತ್ತವರಿಗೆ) ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ತೆಗೆದುಕೊಳ್ಳುವ ಹಕ್ಕಿದೆ, ಧ್ಯಾನಕೂಟದ ದಿನಗಳು ಅದರಲ್ಲಿ ಸೇರುವುದಿಲ್ಲ ಎಂದಾಗ ಟೀಚರ್‌ಗೆ ಆಶ್ಚರ್ಯ. ಅವರ ಫಾದರ್ ನಾಲ್ಕು ವರ್ಷದಲ್ಲಿ ಹೋದದ್ದು ಆರು ದಿನ. ಹಾಗಾಗಿ ವಾರಕ್ಕೊಂದು ದಿನ ಕಚೇರಿಯ ಫೋನ್ ಸಮಿತಿಯವರೇ ಎತ್ತಲಿ, ಸಾವಿನಂಚಿನ ಕರೆ ಮಾತ್ರ ಫಾದರ್‌ಗೆ ಹೋಗಲಿ ಎಂದು ಸೂಚಿಸಿದೆ.

"ಪ್ರಾರ್ಥನೆ ಮಾಡ್ತಾನೇ ಇದೀವಲ್ಲ ಮೇಡಂ," ಎಂದರು. ಹೆಸರು ಹಿಡಿದು ಮಾಡ್ತೀರಾ, ಅದು ಅವರಿಗೆ ಗೊತ್ತಿದೆಯಾ ಎಂದು ಕೇಳಿದೆ. ಬೈಬಲಿನ ವಿಮೋಚನಕಾಂಡದಲ್ಲಿ, ಯುದ್ಧದ ಹೊತ್ತು ಮೇಲೆತ್ತಿ ಹಿಡಿದ ಮೋಶೆಯ ಕೈ ಸೋತಾಗ ಆರೋನ್ ಮತ್ತು ಹೂರ್ ಮೊದಲು ಒಂದು ಕಲ್ಲು ತಂದು ಅವನನ್ನು ಕೂರಿಸುತ್ತಾರೆ. ಆಮೇಲೆ ಇಬ್ಬರೂ ಆಚೀಚೆ ನಿಂತು ಸಂಜೆಯವರೆಗೆ ಕೈ ಹಿಡಿಯುತ್ತಾರೆ. ಆ ಕಲ್ಲು ನನಗೆ ಬಹಳ ಇಷ್ಟ. ಪಾಪನಿವೇದನೆ ಕೇಳಿ ಹೆಸರಾದ, ವಿಚಾರಣಾ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿ ಕೂಡ ತಮ್ಮ ಧರ್ಮಕೇಂದ್ರವಾದ ಫ್ರಾನ್ಸಿನ ಆರ್ಸ್ ಹಳ್ಳಿ ಬಿಟ್ಟು ಹೋಗಲು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದ್ದರು. ಸಂತರಿಗೇ ಹಾಗಾದರೆ ಇವರಿಗೆ ಸುಸ್ತಾಗುವುದು ವಿಶ್ವಾಸದ ಕೊರತೆ ಹೇಗಾಗುತ್ತದೆ?

ಎರಡು ಎಚ್ಚರಿಕೆ ಕೊಟ್ಟೆ. ಒಂದು, ಟೀಚರ್ ಒಬ್ಬರೇ ಫಾದರ್‌ನ ರಕ್ಷಕಿ ಆಗಬಾರದು. ಎರಡು ಮೂರು ಕುಟುಂಬ ಸೇರಿ ಮಾಡಲಿ. ನಿದ್ದೆ ಇಲ್ಲ, ಯಾವುದೂ ಬೇಡ ಅನಿಸುತ್ತಿದೆ ಎಂದು ಅವರು ಹೇಳಿದರೆ ಅದಕ್ಕೆ ವೈದ್ಯರು, ಆಪ್ತಸಲಹೆಗಾರರು, ಜೊತೆಯ ಗುರುಗಳು ಬೇಕು. ಇನ್ನೊಂದನ್ನು ಟೀಚರ್ ತಾವೇ ಕೇಳಿದರು: "ಫಾದರ್‌ಗೆ ಬೆಂಬಲ ಅಂದ್ರೆ ಅವರ ತಪ್ಪನ್ನೂ ಮುಚ್ಚಬೇಕಾ?" ಇಲ್ಲವೇ ಇಲ್ಲ. ಯಾವ ಗುರುವಿನಿಂದಲೇ ಆಗಲಿ, ಮಗುವಿಗೆ ಅಥವಾ ದುರ್ಬಲರಿಗೆ ಹಾನಿ ಆಗಿದೆ ಎಂದು ತಿಳಿದರೆ ಪೊಲೀಸರಿಗೂ ಧರ್ಮಾಧ್ಯಕ್ಷರಿಗೂ (ಬಿಷಪ್) ತಿಳಿಸಬೇಕು. ಮುಚ್ಚಿಡುವುದರಿಂದ ನೊಂದವರು ಮತ್ತೆ ನೋಯುತ್ತಾರೆ. ಪ್ರಾಮಾಣಿಕ ಗುರುಗಳೂ ಅನುಮಾನದ ನೆರಳಿನಲ್ಲಿ ಬದುಕಬೇಕಾಗುತ್ತದೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಕೆಲಸ ಹಂಚಿಕೊಳ್ಳುವ ಮಾತು ಎತ್ತಿದಾಗ ಫಾದರ್, "ನನ್ನ ಮೇಲೆ ಕನಿಕರಾನಾ?" ಎಂದು ರೇಗಿದರಂತೆ. ಸಮಿತಿಯ ಒಬ್ಬರು, ಇದೆಲ್ಲ ನಮ್ಮ ಕೆಲಸವಲ್ಲ ಎಂದು ಸಭೆಯಿಂದ ಎದ್ದು ಹೋದರು. ಟೀಚರ್ ಬೇಸರದಿಂದ ಬಂದರು. ವರ್ಷಗಟ್ಟಲೆ ಒಬ್ಬರೇ ಹೊತ್ತವರಿಗೆ ಹೊರೆ ಇಳಿಸಲೂ ಭಯ ಇರುತ್ತದೆ, ಒಂದೇ ಒಂದು ಕೆಲಸದಿಂದ ಶುರು ಮಾಡಿ ಎಂದೆ. ಬೀಗದ ಕೈಯಿಂದ ಶುರುವಾಯಿತು. ನಂತರ ಲೆಕ್ಕ. ಮೂರನೇ ತಿಂಗಳಿಗೆ ಸೋಮವಾರದ ಫೋನ್.

ಕೊನೆಯ ಭೇಟಿಯಲ್ಲಿ ಟೀಚರ್ ಹೇಳಿದ್ದು: ಫಾದರ್ ಹತ್ತು ದಿನ ತಾಯಿಯ ಹತ್ತಿರ ಹೋಗಿ ಬಂದರು. ಯಜಮಾನರ ವಿಷಯ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "ಅವತ್ತು ಏನು ಹೇಳಬೇಕೋ ತಿಳಿಯದೆ ಕೂತಿದ್ದೆ ಟೀಚರ್" ಎಂದರು. ಪ್ರಬೋಧನೆ ಕೆಲವು ವಾರ ಈಗಲೂ ಉದ್ದವೇ. ಟೀಚರ್‌ಗೆ ನಿದ್ದೆ ಬರುತ್ತಿದೆ.

ಹೊರಡುವಾಗ ಮತ್ತೆ ಬಾಗಿಲಲ್ಲಿ ನಿಂತರು. "ಮುಂದಿನ ವರ್ಷ ಇವರಿಗೆ ವರ್ಗಾವಣೆ ಆಗಬಹುದು ಮೇಡಂ. ಹೊಸಬರು ಬಂದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕಾ?"

"ಹೌದು ಟೀಚರ್," ಎಂದೆ. "ಅವರು ಬಂದ ಮೊದಲ ವಾರವೇ ಕೇಳಿಬಿಡಿ, ನಿಮ್ಮ ವಿಶ್ರಾಂತಿಯ ದಿನ ಯಾವುದು ಫಾದರ್ ಅಂತ."

ಅವರು ಕೈಚೀಲದಿಂದ ಡೈರಿ ತೆಗೆದು ಅದನ್ನು ಬರೆದುಕೊಂಡರು.